ದಪ್ಪ ಇದ್ದಿದ್ದಕ್ಕೇ ಬಂತಾ?

ಇನ್ನು ಬಾಯಲ್ಲಿ ಹೇಳಲಾರೆ. ಎರಡು ವರ್ಷದಿಂದ ಹೇಳಿ ಹೇಳಿ ಗಂಟಲು ಒಣಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ, ಓದಿಕೊಳ್ಳಿ.

ಪ್ರಶ್ನೆ ಇದು: "ನಿಂಗೆ ಬ್ರೆಸ್ಟ್ ಕ್ಯಾನ್ಸರ್ ಬಂದಿದ್ದು ದಪ್ಪ ಇದ್ದಿದ್ದಕ್ಕೇನಾ?" ಹೀಗೆ ನೇರವಾಗಿ ಕೇಳುವವರು ಕಡಿಮೆ, ಕೇಳಿದವರ ಮೇಲೆ ನನಗೆ ಸಿಟ್ಟೂ ಇಲ್ಲ. ಮಿಕ್ಕವರು ಊರೆಲ್ಲ ಸುತ್ತಿ ಬರುತ್ತಾರೆ. "ಡಾಕ್ಟ್ರು ಕಾರಣ ಏನಂದ್ರು?" ಅನ್ನುತ್ತಾರೆ, ಅನ್ನುವಾಗ ಕಣ್ಣು ನನ್ನ ಸೊಂಟದ ಮೇಲಿರುತ್ತದೆ. ಕೆಲವರು ಪ್ರಶ್ನೆಯನ್ನೇ ನುಂಗಿಕೊಂಡು ಉತ್ತರಕ್ಕೆ ಹಾರುತ್ತಾರೆ: "ಈಗಲಾದ್ರೂ ವಾಕಿಂಗ್ ಶುರು ಮಾಡಿದೀರಾ ಟೀಚರ್?"

ಹೋದ ವರ್ಷ ತುಮಕೂರಿನಲ್ಲಿ ಅಣ್ಣನ ಮಗನ ಗೃಹಪ್ರವೇಶ. ಕೀಮೋ ಮುಗಿದು ಐದು ತಿಂಗಳಾಗಿತ್ತು, ತಲೆ ಮೇಲೆ ಗಂಡುಹುಡುಗರ ಹಾಗೆ ಅರ್ಧ ಇಂಚು ಕೂದಲು. ಊಟಕ್ಕೆ ಕೂತರೆ ಪಕ್ಕದ ಎಲೆ ದೊಡ್ಡಮ್ಮನದು. ಒಬ್ಬಟ್ಟು ಬಡಿಸುವ ಹುಡುಗ ನನ್ನ ಮುಂದೆ ಬಗ್ಗಿದ್ದೇ ತಡ, ದೊಡ್ಡಮ್ಮ ನನ್ನ ಎಲೆಗೆ ಅಡ್ಡ ಕೈ ಹಿಡಿದರು. "ಅವಳಿಗೆ ಬೇಡಪ್ಪ. ಮೈ ಬಂದೇ ಅಲ್ವಾ ಆ ಕಾಯಿಲೆ ಬಂದಿದ್ದು." ಎದುರು ಪಂಕ್ತಿಯವರು ಅನ್ನ ಕಲಸುವುದನ್ನು ಬಿಟ್ಟು ನನ್ನ ಕಡೆ ನೋಡಿದರು. ಹುಡುಗನಿಗೆ ಮುಂದಕ್ಕೆ ಹೋಗಬೇಕೋ ನಿಲ್ಲಬೇಕೋ ತಿಳಿಯಲಿಲ್ಲ.

ಇದೇ ದೊಡ್ಡಮ್ಮ ನನ್ನ ಬಾಣಂತನಕ್ಕೆ ಬಂದು ಮೂರು ತಿಂಗಳು ಅಂಟಿನುಂಡೆ ತಿನ್ನಿಸಿದವರು. "ಈಗ ನೋಡು, ಮೈಕೈ ತುಂಬ್ಕೊಂಡು ಲಕ್ಷಣವಾಗಿದೀಯ" ಅಂದು ನೆಟಿಗೆ ಮುರಿದವರು. ಆವತ್ತಿನ ಮೈಕೈಯೇ ಇವತ್ತಿನದೂ. ಅಂದಹಾಗೆ, ಒಬ್ಬಟ್ಟು ಹಾಕಿಸಿಕೊಂಡೆ. ಎರಡು. ತುಪ್ಪ ಬೇರೆ.

ಈಗ ಉತ್ತರ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವಳು, ಹಾಗಾಗಿ ಲೆಕ್ಕದಲ್ಲೇ ಹೇಳುತ್ತೇನೆ. ನನ್ನ ಎತ್ತರ 155 ಸೆಂಟಿಮೀಟರ್, ಆಗಿನ ತೂಕ 76 ಕೆಜಿ. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಲೆಕ್ಕ, 31ರ ಮೇಲೆ. 2008ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ಲೆಕ್ಕವೊಂದು ಬಂತು: ಮುಟ್ಟು ನಿಂತ ಹೆಂಗಸರಲ್ಲಿ ಬಿಎಂಐ ಐದೈದು ಏರಿದಂತೆಲ್ಲ ಸ್ತನ ಕ್ಯಾನ್ಸರಿನ ಸಾಧ್ಯತೆ ಶೇ. 12ರಷ್ಟು ಏರುತ್ತದೆ. ನನ್ನ ಎತ್ತರದವಳಿಗೆ ಐದು ಅಂದರೆ ಸುಮಾರು 12 ಕೆಜಿ. 52 ಕೆಜಿಯ ನಾನು ಎಂಬ ಕಾಲ್ಪನಿಕ ಹೆಂಗಸಿಗಿಂತ ಎರಡು ಮೆಟ್ಟಿಲು ಮೇಲಿದ್ದೆ. ಅಂದರೆ ಅಂಥವರಲ್ಲಿ ನೂರು ಜನಕ್ಕೆ ಬರುವ ಕಡೆ ನನ್ನಂಥವರಲ್ಲಿ ನೂರಿಪ್ಪತ್ತೈದು ಜನಕ್ಕೆ ಬರುತ್ತದೆ. ತೂಕದಿಂದಾಗಿ ಬಂದಿದ್ದು ಆ ಹೆಚ್ಚಿನ ಇಪ್ಪತ್ತೈದು. ನಾನು ಆ ಇಪ್ಪತ್ತೈದರಲ್ಲಿ ಒಬ್ಬಳೋ, ಹೇಗಿದ್ದರೂ ಬರುತ್ತಿದ್ದ ನೂರರಲ್ಲಿ ಒಬ್ಬಳೋ? ನನ್ನ ಗಂಟಿನ ಮೇಲೆ ಬರೆದಿರಲಿಲ್ಲ. ಯಾವ ಡಾಕ್ಟರೂ ಹೇಳಲಾರರು. ದೊಡ್ಡಮ್ಮ ಹೇಳಬಲ್ಲರು.

ತೂಕಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಎಂದು ವಾದ ಮಾಡುತ್ತಿಲ್ಲ. ನನಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು? ಮುಟ್ಟು ನಿಂತ ಮೇಲೆ ಅಂಡಾಶಯ ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನು ತಯಾರಿಸುವುದನ್ನು ಹೆಚ್ಚೂಕಡಿಮೆ ಬಿಟ್ಟುಬಿಡುತ್ತದೆ. ಆಮೇಲೆ ಆ ಕಾರ್ಖಾನೆ ನಡೆಸುವುದು ಮುಖ್ಯವಾಗಿ ಕೊಬ್ಬು. ಅದರಲ್ಲಿ ಅರೋಮಟೇಸ್ ಅನ್ನುವ ಕಿಣ್ವ ಇದೆ, ಬೇರೆ ಹಾರ್ಮೋನುಗಳನ್ನು ಅದು ಈಸ್ಟ್ರೋಜನ್ ಮಾಡಿಬಿಡುತ್ತದೆ. ಕೊಬ್ಬು ಹೆಚ್ಚಿದ್ದಷ್ಟೂ ಸರಕು ಹೆಚ್ಚು. ನನ್ನದು ಈಸ್ಟ್ರೋಜನ್ ತಿಂದು ಬೆಳೆಯುವ ಜಾತಿಯ ಗೆಡ್ಡೆ. ದಿನಾ ರಾತ್ರಿ ನಾನು ನುಂಗುವ ಲೆಟ್ರೊಜೋಲ್, 2.5 ಮಿಲಿಗ್ರಾಮಿನ ಪುಟ್ಟ ಮಾತ್ರೆ, ಆ ಅರೋಮಟೇಸನ್ನು ಕಟ್ಟಿಹಾಕುವುದಕ್ಕೇ ಇರುವುದು. ಜೊತೆಗೆ ಕೀಲುನೋವು ಪುಕ್ಕಟೆ. ಹೀಗೆ ನನ್ನ ಕೊಬ್ಬಿನ ಸಂಗತಿ ದಿನಕ್ಕೊಂದು ಸಲ ನೆನಪಾಗುವ ಏರ್ಪಾಟಿದೆ, ನಿಮ್ಮ ಸಹಾಯ ಬೇಕಿಲ್ಲ.

ಆದರೆ ಕಣ್ಣಳತೆಯಲ್ಲಿ ತೀರ್ಪು ಕೊಡುವವರಿಗೆ ಒಂದು ಮಾತು. ನನ್ನ ವಾರಗಿತ್ತಿ 49 ಕೆಜಿ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದೆ. ಹನ್ನೆರಡು ವರ್ಷದಿಂದ ಶುಗರ್, ಬಿಪಿ ಎರಡೂ ಇದೆ. ಅವಳ ಎಲೆಗೆ ಯಾರೂ ಕೈ ಅಡ್ಡ ಇಟ್ಟಿಲ್ಲ. ಪುಣೆಯ ಡಾಕ್ಟರ್ ಯಾಜ್ಞಿಕ್ 2004ರಲ್ಲಿ ತಮ್ಮದೇ ಮೈಯನ್ನು ಇಂಗ್ಲೆಂಡಿನ ಸಹೋದ್ಯೋಗಿ ಯಡ್ಕಿನ್ ಅವರ ಮೈ ಪಕ್ಕದಲ್ಲಿಟ್ಟು ತೋರಿಸಿದ್ದರು: ಇಬ್ಬರ ಬಿಎಂಐ ಒಂದೇ, 22.3. ಮೈಯಲ್ಲಿ ಕೊಬ್ಬು ಯಡ್ಕಿನ್ ಅವರಿಗೆ ಶೇ. 9.1, ಯಾಜ್ಞಿಕ್ ಅವರಿಗೆ 21.2. ನಾವು ತೆಳ್ಳಗಿದ್ದೂ ಒಳಗೆ ದಪ್ಪ ಇರುವ ಜನ. ನಮ್ಮ ಹೆಂಗಸರಿಗೆ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಿದರೆ ಎಚ್ಚರ ಅನ್ನುವುದು ಇದಕ್ಕೇ. ಸ್ತನ ಕ್ಯಾನ್ಸರಿಗೂ ಈ ಮಾತು ಸಲ್ಲುತ್ತದೆ. ಅಮೆರಿಕದಲ್ಲಿ ಮುಟ್ಟು ನಿಂತ ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿದ ದೊಡ್ಡ ಅಧ್ಯಯನದಲ್ಲಿ, ಖಾಲಿ ಹೊಟ್ಟೆಯಲ್ಲಿದ್ದಾಗ ಅಳೆದ ಇನ್ಸುಲಿನ್ ಜಾಸ್ತಿ ಇದ್ದವರಿಗೆ, ತೂಕ ಸರಿಯಿದ್ದರೂ ಅಪಾಯ ಹೆಚ್ಚಿತ್ತು. ದಪ್ಪಗಿದ್ದೂ ಇನ್ಸುಲಿನ್ ಹತೋಟಿಯಲ್ಲಿದ್ದವರಿಗೆ ಹಾಗೆ ಕಾಣಲಿಲ್ಲ. ತಕ್ಕಡಿ ಹಿಡಿದು ಓಡಾಡುವವರು ಇದನ್ನು ಎರಡು ಸಲ ಓದಬೇಕು.

ಮುಟ್ಟು ನಿಲ್ಲುವ ಮೊದಲಿನ ಕತೆ ಬೇರೆಯೇ, ಅಷ್ಟು ಸರಳವಾಗಿಲ್ಲ. ಕೀಮೋ ವಾರ್ಡಿನಲ್ಲಿ ನನ್ನ ಪಕ್ಕದ ಕುರ್ಚಿಯವಳಿಗೆ ಮೂವತ್ತನಾಲ್ಕು, ನೂಲಿನಂತಿದ್ದಳು. ಅವಳ ಅತ್ತೆ ಕೇಳಿದ್ದಂತೆ, "ಸರಿಯಾಗಿ ತಿನ್ನದೆ ಇದ್ದಿದ್ದಕ್ಕೇ ಬಂತೇನೋ?" ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಸಿಸ್ಟರ್ ಬಂದು ಡ್ರಿಪ್ ಸರಿಮಾಡಿ ಗದರಿದರು.

ಇಷ್ಟು ಜನ ಇಷ್ಟು ಕೇಳಿದರು. ಒಂದನ್ನು ಮಾತ್ರ ನೆಂಟರಲ್ಲಿ ಯಾರೂ ಕೇಳಲಿಲ್ಲ: ಗಂಟು ಕೈಗೆ ಸಿಕ್ಕಿದ್ದು ಯಾವಾಗ?

ಜೂನ್‌ನಲ್ಲಿ. ಸ್ನಾನ ಮಾಡುವಾಗ, ಎಡಗಡೆ, ಕಂಕುಳ ಹತ್ತಿರ, ಹುಣಸೆಬೀಜದಷ್ಟು. ನೋವಿರಲಿಲ್ಲ. ಡಾಕ್ಟರ ಹತ್ತಿರ ಹೋಗಿದ್ದು ಅಕ್ಟೋಬರಿನಲ್ಲಿ.

ಯಾಕೆ ಅಂದರೆ, ಅಷ್ಟು ಹೊತ್ತಿಗೆ ನಾನು ಡಾಕ್ಟರ ಹತ್ತಿರ ಹೋಗುವುದನ್ನೇ ಬಿಟ್ಟಿದ್ದೆ. ಗಂಟಲುನೋವು ಅಂತ ಹೋದರೆ "ತೂಕ ಇಳಿಸಿ." ಕಣ್ಣು ಉರಿ ಅಂತ ಹೋದರೆ "ತೂಕ ಇಳಿಸಿ." ಒಂದು ಸಲ ಬಾಗಿಲಿಗೆ ಬೆರಳು ಸಿಕ್ಕಿ ಉಗುರು ಕಪ್ಪಾಗಿತ್ತು, ಕಟ್ಟು ಹಾಕಿಸಿಕೊಂಡು ಎದ್ದರೆ ಕೊನೆಗೆ ಅದೇ ಮಾತು, "ಸ್ವಲ್ಪ ವೇಯ್ಟ್ ಕಡಿಮೆ ಮಾಡ್ಕೋಬೇಕು ಮೇಡಂ." ಬಾಗಿಲು ಮುಚ್ಚುವುದಕ್ಕೂ ನನ್ನ ತೂಕಕ್ಕೂ ಏನು ಸಂಬಂಧ ಅಂತ ಕೇಳಬೇಕಿತ್ತು, ಕೇಳಲಿಲ್ಲ. ಗಂಟು ಸಿಕ್ಕಾಗ ಮನಸ್ಸಿಗೆ ಬಂದದ್ದು ಸಾವಲ್ಲ. ಮೊದಲು ಐದು ಕೆಜಿ ಇಳಿಸಿಕೊಂಡು ಆಮೇಲೆ ತೋರಿಸೋಣ ಅನ್ನಿಸಿತು. ನಿಜವಾಗಿ. ರಾತ್ರಿ ಊಟ ಬಿಟ್ಟೆ, ಬೆಳಿಗ್ಗೆ ಮೆಂತ್ಯದ ನೀರು ಕುಡಿದೆ. ನಾಲ್ಕು ತಿಂಗಳಲ್ಲಿ ಮೂರು ಕೆಜಿ ಇಳಿಯಿತು. ವಠಾರದವರೆಲ್ಲ ಭೇಷ್ ಅಂದರು.

ತಿಳಿಯದವಳು ಅನ್ನಬೇಡಿ. ನಾನೊಬ್ಬಳೇ ಅಲ್ಲ: 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಇಡೀ ದೇಶದಲ್ಲಿ 30ರಿಂದ 49 ವರ್ಷದ ಹೆಂಗಸರಲ್ಲಿ ಒಂದು ಸಲವಾದರೂ ಸ್ತನದ ತಪಾಸಣೆ ಮಾಡಿಸಿಕೊಂಡವರು ಶೇ. 0.9. ನೂರಕ್ಕೆ ಒಬ್ಬಳೂ ಇಲ್ಲ. ಮುಂಬೈಯಲ್ಲಿ ಟಾಟಾ ಮೆಮೋರಿಯಲ್‌ನವರು ಇಪ್ಪತ್ತು ವರ್ಷ, ಒಂದೂವರೆ ಲಕ್ಷ ಹೆಂಗಸರ ಮೇಲೆ ಮಾಡಿದ ಪ್ರಯೋಗ ಒಂದಿದೆ. ತರಬೇತಿಯಾದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಬರೀ ಕೈಯಿಂದ ಮುಟ್ಟಿ ನೋಡುತ್ತಿದ್ದರು, ಮ್ಯಾಮೊಗ್ರಾಂ ಇಲ್ಲ ಏನಿಲ್ಲ. ಐವತ್ತು ದಾಟಿದವರಲ್ಲಿ ಈ ಕಾಯಿಲೆಯ ಸಾವು ಶೇ. 30ರ ಹತ್ತಿರ ಇಳಿಯಿತು. ನನಗೆ ಆಗ ಐವತ್ತಾರು.

ಅಕ್ಟೋಬರಿನಲ್ಲಿ ಗಂಟು 2.6 ಸೆಂಟಿಮೀಟರ್ ಆಗಿತ್ತು, ಕಂಕುಳಿನ ಎರಡು ಗ್ರಂಥಿಗೂ ಹಬ್ಬಿತ್ತು. ಬೆಂಗಳೂರಿನ ಆ ಡಾಕ್ಟರಮ್ಮ ನನ್ನನ್ನು ತೂಕದ ಯಂತ್ರದ ಕಡೆ ಕಳಿಸಲೇ ಇಲ್ಲ. ಕೈ ತೊಳೆದುಕೊಂಡು ಬಂದು, ಮುಟ್ಟಿ ನೋಡಿ, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕೂತು, "ಇದು ಕೈಗೆ ಸಿಕ್ಕಿ ಎಷ್ಟು ದಿನ ಆಯ್ತಮ್ಮಾ?" ಅಂದರು.

ಹದಿನೈದು ದಿನ ಅಂದೆ. ಫೈಲಿನ ಮೊದಲ ಪುಟದಲ್ಲಿ ಇವತ್ತಿಗೂ ಹಾಗೇ ಇದೆ.