ಕುಡಿತ ನಿಲ್ಲಿಸಿದ ಮೊದಲ ನಾಲ್ಕು ದಿನ

ವ್ಯಸನ ಚಿಕಿತ್ಸೆಯ ತರಬೇತಿಗೆ ಬರುವ ನರ್ಸ್‌ಗಳಿಗೂ ವೈದ್ಯರಿಗೂ ಮೊದಲು ಕಲಿಸಬೇಕಾದದ್ದು ಗಂಟೆಗಳ ಲೆಕ್ಕ. "ಕೊನೆಯ ಸಲ ಕುಡಿದದ್ದು ಯಾವಾಗ?" ಎಂಬುದು ಕೇಸ್ ಶೀಟಿನ ಮೊದಲ ಸಾಲಲ್ಲೇ ಇರಲಿ. ದಿನವೂ ಹೆಚ್ಚು ಕುಡಿಯುವವರು ದಿಢೀರನೆ ನಿಲ್ಲಿಸಿದರೆ 6ರಿಂದ 24 ಗಂಟೆಯೊಳಗೆ ನಡುಕ, ಬೆವರು, ನಿದ್ದೆಗೇಡು ಶುರುವಾಗುತ್ತದೆ. ಫಿಟ್ಸ್ ಹೆಚ್ಚಾಗಿ ಮೊದಲ 48 ಗಂಟೆಯಲ್ಲಿ. ಆಮೇಲೆ, 96 ಗಂಟೆಯವರೆಗೂ, ಗೊಂದಲ, ಇಲ್ಲದ್ದು ಕಾಣುವುದು, ಜ್ವರ: ಇದು ಡೆಲಿರಿಯಂ ಟ್ರೆಮೆನ್ಸ್, ಜೀವಕ್ಕೇ ಅಪಾಯ. ಮನೆಯವರು "ಗಾಳಿ ಸೋಕಿದೆ" ಅಂದರೆ ಗದರಬೇಡಿ, ಕೂರಿಸಿ ವಿವರಿಸಿ.

ನಡುಕ ನೋಡಲು ಕೈ ಚಾಚಿ ಬೆರಳು ಅಗಲಿಸಲು ಹೇಳಿ. ಕಣ್ಣಿಗೆ ಕಾಣದಿದ್ದರೆ ನಿಮ್ಮ ಬೆರಳತುದಿಯನ್ನು ಅವರ ಬೆರಳತುದಿಗೆ ತಾಗಿಸಿ. ಸಣ್ಣ ಕಂಪನ ಅಲ್ಲಿ ಸಿಕ್ಕುತ್ತದೆ.

ಪದೇಪದೇ ಆಗುವ ತಪ್ಪೆಂದರೆ "ಸುಸ್ತು" ಎಂದು ಬರೀ ಗ್ಲೂಕೋಸ್ ಡ್ರಿಪ್ ಹಾಕುವುದು. ಗ್ಲೂಕೋಸನ್ನು ಬಳಸಿಕೊಳ್ಳಲು ಮೆದುಳಿಗೆ ಥಯಮಿನ್ (ವಿಟಮಿನ್ ಬಿ1) ಬೇಕು. ಅದು ಮೊದಲೇ ಬರಿದಾಗಿದ್ದರೆ ವೆರ್ನಿಕೆ ಎಂಬ ಮೆದುಳಿನ ಕಾಯಿಲೆ ಕೆರಳಬಹುದು, ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು. ಹಾಗಾಗಿ ಥಯಮಿನ್ ಇಂಜೆಕ್ಷನ್ ಮೊದಲು. ಕುಡಿತದಿಂದ ಕೆಟ್ಟ ಕರುಳು ಮಾತ್ರೆಯನ್ನು ಸರಿಯಾಗಿ ಹೀರಿಕೊಳ್ಳದು. ಸಕ್ಕರೆ ಅಂಶ ತೀರಾ ಕುಸಿದಿದ್ದರೆ ಮಾತ್ರ ಕಾಯಬೇಡಿ, ಎರಡನ್ನೂ ಒಟ್ಟಿಗೇ ಕೊಡಿ. ನಡುಕ, ಫಿಟ್ಸ್ ತಡೆಯಲು ಕೊಡುವ ಮದ್ದುಗಳಲ್ಲಿ, ಲಿವರ್ ಕೆಟ್ಟವರಿಗೆ ಡಯಾಜೆಪಾಮ್ ಬದಲು ಲೋರಾಜೆಪಾಮ್ ಸುರಕ್ಷಿತ.