ಬೇಲಿಯಾಚೆ ಕೇಳಿಸಿದ ಒಂದು ಪದ

ಕಳೆದ ಶನಿವಾರ ಕೊಬ್ಬರಿ ಎಣ್ಣೆಯ ಬಟ್ಟಲು ಹಿಡಿದು ಹಿತ್ತಲ ಮೆಟ್ಟಿಲ ಮೇಲೆ ಮಗಳಿಗಾಗಿ ಕಾಯುತ್ತಿದ್ದೆ. ಹದಿನೇಳು ವರ್ಷದವಳು. ಸೋಮವಾರ ಇಲ್ಲಿ, ಅಮೆರಿಕದ ನಮ್ಮ ಊರಿನ ಗ್ರಂಥಾಲಯದಲ್ಲಿ, ಬೇಸಿಗೆ ರಜೆಯ ಕೆಲಸಕ್ಕೆ ಸಂದರ್ಶನವಿತ್ತು. "ಬೇಡಮ್ಮ, ನಾಳೆ ತೊಳೆದುಕೊಂಡರೂ ವಾಸನೆ ಉಳಿಯುತ್ತದೆ. ಅನ್‌ಪ್ರೊಫೆಷನಲ್ ಎನ್ನುತ್ತಾರೆ" ಎಂದು ತಲೆ ಸರಿಸಿಕೊಂಡಳು.

ಬೇಲಿಯಾಚೆ ಗಿಡಗಳಿಗೆ ನೀರು ಬಿಡುತ್ತಿದ್ದ ಪಕ್ಕದ ಮನೆಯಾಕೆಗೆ ನಮ್ಮ ಕನ್ನಡದಲ್ಲಿ ಅರ್ಥವಾದದ್ದು ಅದೊಂದೇ ಪದ. ಅವರು ಕಪ್ಪು ಜನಾಂಗದವರು, ನರ್ಸ್ ಆಗಿ ನಿವೃತ್ತರಾದವರು. ನಲ್ಲಿ ನಿಲ್ಲಿಸಿ ಹತ್ತಿರ ಬಂದು, "ಯಾರಿಗೆ ಹಾಗೆಂದರು?" ಎಂದು ಕೇಳಿದರು. ವಿಷಯ ತಿಳಿದ ಮೇಲೆ ಬಲಗಿವಿಯನ್ನು ಮಡಿಸಿ ತೋರಿಸಿದರು. ಕಿವಿಯ ಹಿಂದೆ ಉಗುರಿನಷ್ಟು ಅಗಲದ, ನುಣುಪಾದ ಹಳೆಯ ಸುಟ್ಟ ಕಲೆ. ಮೊದಲ ಕೆಲಸದ ಸಂದರ್ಶನದ ಹಿಂದಿನ ರಾತ್ರಿ, ಅವರ ತಾಯಿ ಕಬ್ಬಿಣದ ಬಾಚಣಿಗೆಯನ್ನು ಒಲೆಯ ಮೇಲೆ ಕಾಯಿಸಿ ಸುರುಳಿಗೂದಲನ್ನು ನೇರ ಮಾಡುವಾಗ ತಗುಲಿದ್ದಂತೆ. ಇದ್ದ ಕೂದಲಿನಲ್ಲೇ ಹೋದರೆ ಕೆಲಸ ಸಿಗದು ಎಂಬ ಭಯ.

ಈ ಭಯಕ್ಕೆ ಕಾನೂನೇ ಉತ್ತರ ಕೊಡಬೇಕಾಯಿತು. 2019ರ ಜುಲೈನಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಕ್ರೌನ್ ಕಾಯ್ದೆಯನ್ನು ತಂದಿತು. ಅಮೆರಿಕದಲ್ಲಿ ಇಂಥ ಕಾಯ್ದೆ ತಂದ ಮೊದಲ ರಾಜ್ಯ ಇದೇ. ಹೆಣೆದ ಜಡೆ, ಜಟೆ, ಸುರುಳಿಗೂದಲಿನ ಕಾರಣಕ್ಕೆ ಯಾರನ್ನೂ ಕೆಲಸದಿಂದ ದೂರವಿಡುವಂತಿಲ್ಲ. ವೃತ್ತಿಪರತೆ ಎಂಬುದನ್ನು ಯುರೋಪಿಯನ್ನರ ರೂಪ, ರೀತಿಗಳ ಜೊತೆ ಗಂಟುಹಾಕಲಾಗಿದೆ ಎಂದು ಅದರ ಪೀಠಿಕೆಯಲ್ಲಿ ನೇರವಾಗಿಯೇ ಬರೆದಿದ್ದಾರೆ. ಅದನ್ನು ಓದಿದಾಗ ನನಗೆ ಬೆಂಗಳೂರು ನೆನಪಾಯಿತು.

ಅಲ್ಲಿ ನಾನು ಮೊದಲು ಸೇರಿದ ಕಚೇರಿಯಲ್ಲಿ, ಗೆಳತಿಯೊಡನೆ ಊಟದ ಕೋಣೆಯಲ್ಲಿ ಕನ್ನಡ ಮಾತನಾಡಿದ್ದಕ್ಕೆ ಮೇಲಧಿಕಾರಿ ಕರೆದು ಇದೇ ಪದ ಬಳಸಿದ್ದರು. ಮಲ್ಲಿಗೆ ಮುಡಿದು ಬಂದ ಹುಡುಗಿಗೂ ಅದೇ ಪದ. ಆದರೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಬೆಳಗಿನೊಳಗೆ ವರದಿ ಬೇಕು ಎಂದವರಿಗಾಗಲಿ, ಎಲ್ಲರೆದುರು ಕಿರಿಯರನ್ನು ಗದರಿ ಅಳಿಸಿದವರಿಗಾಗಲಿ ಆ ಪದವನ್ನು ಯಾರೂ ಹೇಳಲಿಲ್ಲ. ಆಗ ನಾನೂ ತಲೆತಗ್ಗಿಸಿ ಸುಮ್ಮನಿದ್ದೆ. ಆ ನೋವು ಇನ್ನೂ ಹೋಗಿಲ್ಲ.

ವೃತ್ತಿ ಎಂದರೆ ಜೀವನೋಪಾಯವೂ ಹೌದು, ನಡತೆಯೂ ಹೌದು. ಎರಡಕ್ಕೂ ಒಂದೇ ಪದ ಇಟ್ಟುಕೊಂಡ ಭಾಷೆ ನಮ್ಮದು. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಕಾಲರ್ ಸವೆದ ಅಂಗಿ, ಹಣೆಯಲ್ಲಿ ವಿಭೂತಿ, ಕಾಲಲ್ಲಿ ಹವಾಯಿ ಚಪ್ಪಲಿ. ಈಗಿನ ಕಚೇರಿಗಳಲ್ಲಾದರೆ ಬಾಗಿಲಲ್ಲೇ ತಡೆಯುತ್ತಿದ್ದರೋ ಏನೋ. ಕೈ, ಬಾಯಿ ಶುದ್ಧವಿರಬೇಕು ಎನ್ನುವುದಷ್ಟೇ ಅವರ ಅಳತೆ. ಪಕ್ಕದ ಮೇಜಿನವರು ಒಬ್ಬ ಮುದುಕಿಯನ್ನು ವಿಧವಾ ವೇತನದ ಕಾಗದಕ್ಕಾಗಿ ಮೂರು ಬಾರಿ "ನಾಳೆ ಬಾ" ಎಂದು ಕಳಿಸಿದ ದಿನ ಅಪ್ಪ ಮನೆಗೆ ಬಂದು ಊಟ ಮಾಡಲಿಲ್ಲ. "ಬಸ್ಸಿಗೆ ದುಡ್ಡು ಯಾರು ಕೊಡುತ್ತಾರೆ ಆಕೆಗೆ?" ಎಂದು ಅಮ್ಮನನ್ನು ಕೇಳುತ್ತಲೇ ಇದ್ದರು. ಆ "ನಾಳೆ ಬಾ" ಅಪ್ಪನ ಊರಿನ ಕಚೇರಿಗಳಲ್ಲಿ ಈಗಲೂ ನಿಂತಿಲ್ಲ. ಹೋದ ವರ್ಷ ಅಪ್ಪನ ಮರಣಪತ್ರಕ್ಕಾಗಿ ಅಮ್ಮನೇ ನಾಲ್ಕು ಸಲ ಮೆಟ್ಟಿಲು ಹತ್ತಿ ಇಳಿದಳು.

ಇದನ್ನೆಲ್ಲ ಮಗಳಿಗೆ ಹೇಳಿದೆ. ಎಣ್ಣೆ ಹಚ್ಚಿಸಿಕೊಳ್ಳುವುದು ಬಿಡುವುದು ಅವಳ ಇಷ್ಟ, ಒತ್ತಾಯಿಸಲಿಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜಿಯನ್ನು ಅಲೆಸಿದವರಿಗೆ ಕನ್ನಡದಲ್ಲಿ ಏನೆನ್ನುತ್ತಾರೆ?" ಎಂದಳು.

"ಕೆಲಸಗಳ್ಳರು."

ಹೇಳಲು ಹೋದಳು. ಳ್ಳ ಬರಲಿಲ್ಲ, ಲ್ಲ ಆಯಿತು. ನಾಲಿಗೆಯನ್ನು ಮೇಲೆ ಮಡಿಸು ಎಂದು ತೋರಿಸಿದೆ. ಬೇಲಿಯಾಚೆಯ ಹಿರಿಯಾಕೆಯೂ ನಮ್ಮೊಡನೆ ಅದನ್ನು ಹೇಳಿ ನೋಡಿದರು.