ಆರನೆಯ ವಾರದ ರಾತ್ರಿಗಳು

ಬಾಣಂತನಕ್ಕೆಂದು ತಿಪಟೂರಿನ ತವರುಮನೆಯಲ್ಲಿದ್ದಾಗ, ಮಗಳಿಗೆ ಆರನೆಯ ವಾರ ತುಂಬುವ ಹೊತ್ತಿಗೆ, ಸಂಜೆ ಏಳಕ್ಕೆ ಎದೆಗೆ ಬಾಯಿಟ್ಟವಳು ರಾತ್ರಿ ಹನ್ನೊಂದಾದರೂ ಬಿಡದ ದಿನಗಳು ಶುರುವಾದವು. ಹತ್ತು ನಿಮಿಷ ಕುಡಿಯುವುದು, ಕಣ್ಣು ಮುಚ್ಚುವುದು, ತೊಟ್ಟಿಲಿಗೆ ಹಾಕಿದೊಡನೆ ಮುಖ ಕಿವುಚಿ ಅಳುವುದು, ಮತ್ತೆ ಎದೆ ಹುಡುಕುವುದು. ಮೊದಲ ದಿನ ದೃಷ್ಟಿ ತೆಗೆದದ್ದಾಯಿತು, ಎರಡನೆಯ ದಿನ ನಾನು ತಿಂದ ಹುರುಳಿಕಾಯಿ ಪಲ್ಯದ ಮೇಲೆ ಗುಮಾನಿ ಬಂತು, ಮೂರನೆಯ ದಿನ ದೊಡ್ಡಮ್ಮ ತೀರ್ಪನ್ನೇ ಕೊಟ್ಟರು: "ಹಾಲು ಸಾಲ್ತಾ ಇಲ್ಲ ಕಣೇ, ಡಬ್ಬಿ ಹಾಲು ತರಿಸು."

ಆ ಮಾತಿಗೆ ನಾನು ಅತ್ತೆನೆಂಬುದು ನಿಜ. ಆದರೆ ಆಸ್ಪತ್ರೆಯಿಂದ ಬಂದ ದಿನದಿಂದಲೇ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ, ಎಡ ಪುಟದಲ್ಲಿ ಹಾಲು ಕುಡಿಸಿದ ಹೊತ್ತನ್ನೂ ಬಲ ಪುಟದಲ್ಲಿ ನಿದ್ದೆಯನ್ನೂ ಒದ್ದೆಯಾದ ಬಟ್ಟೆಗಳ ಲೆಕ್ಕವನ್ನೂ ಗೀಚಿಡುತ್ತಿದ್ದೆ. ಆ ರಾತ್ರಿ ಅದನ್ನು ಹಿಂದಕ್ಕೆ ಮಗುಚಿದಾಗ ಎರಡು ಸಂಗತಿಗಳು ಕಂಡವು. ಒದ್ದೆ ಬಟ್ಟೆಗಳು ದಿನಕ್ಕೆ ಎಂಟು ಒಂಬತ್ತಕ್ಕೆ ಕಡಿಮೆಯಾಗಿರಲೇ ಇಲ್ಲ. ಇನ್ನೊಂದೆಂದರೆ, ಈ ಗಲಾಟೆ ಶುರುವಾಗುವ ಮುಂಚಿನ ಎರಡು ದಿನ ಮಗು ಎಂದಿಗಿಂತ ಹೆಚ್ಚು ಮಲಗಿತ್ತು. "ಎಷ್ಟು ಸಾಧು ಕೂಸು" ಎಂದು ಮನೆಯವರೆಲ್ಲ ಮೆಚ್ಚಿಕೊಂಡಿದ್ದ ದಿನಗಳೇ ಅವು.

ಇದಕ್ಕೆ ಅರ್ಥವಿದೆಯೆಂದು ತಿಳಿದದ್ದು ಆಮೇಲೆ, ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞೆ ಮಿಷೆಲ್ ಲ್ಯಾಂಪ್ಲ್ ಅವರ ಕೆಲಸದ ಬಗ್ಗೆ ಓದಿದಾಗ. ಮಕ್ಕಳು ದಿನಕ್ಕಿಷ್ಟೆಂದು ಒಂದೇ ಸಮ ಬೆಳೆಯುತ್ತಾರೆಂಬ ನಂಬಿಕೆಯನ್ನು ಅವರು ಮತ್ತು ಸಂಗಡಿಗರು 1992ರಲ್ಲೇ ಪ್ರಶ್ನಿಸಿದ್ದರು. ಶಿಶುಗಳ ಉದ್ದವನ್ನು ಪದೇ ಪದೇ ಅಳೆದು ನೋಡಿದಾಗ, ಬಹುಪಾಲು ದಿನಗಳಲ್ಲಿ ಅಳೆಯಬಹುದಾದ ಬೆಳವಣಿಗೆಯೇ ಇರಲಿಲ್ಲ. 2ರಿಂದ 63 ದಿನಗಳವರೆಗಿನ ವಿರಾಮಗಳ ನಡುವೆ ಮಗು ಒಮ್ಮೆಗೇ ಅರ್ಧ ಸೆಂಟಿಮೀಟರಿನಿಂದ ಎರಡೂವರೆ ಸೆಂಟಿಮೀಟರಿನಷ್ಟು ಚಿಮ್ಮುತ್ತಿತ್ತು. 2011ರಲ್ಲಿ ಅವರು ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ 23 ಶಿಶುಗಳ ತಂದೆತಾಯಂದಿರು ನನ್ನಂತೆಯೇ, ಆದರೆ ನನಗಿಂತ ಬಹಳ ಶಿಸ್ತಿನಿಂದ, ನಿದ್ದೆಯ ದಿನಚರಿ ಬರೆದಿದ್ದರು. ಮಗು ಎರಡು ದಿನಗಳ ಮಟ್ಟಿಗೆ ದಿನವೊಂದಕ್ಕೆ ಸರಾಸರಿ ನಾಲ್ಕೂವರೆ ಗಂಟೆ ಹೆಚ್ಚು ಮಲಗುವ ಇಲ್ಲವೇ ಮೂರು ಸಲ ಹೆಚ್ಚು ನಿದ್ದೆ ಹೋಗುವ ಹೊತ್ತುಗಳು ಬರುತ್ತಿದ್ದವು, ಮತ್ತು ಉದ್ದ ಹೆಚ್ಚುವುದು ಅದಾದ ಎರಡು ದಿನಗಳೊಳಗೆ. ಹೆಚ್ಚಾದ ಪ್ರತಿ ಗಂಟೆ ನಿದ್ದೆಗೆ ಬೆಳವಣಿಗೆಯ ಸಾಧ್ಯತೆ ಶೇ. 20ರಷ್ಟು, ಹೆಚ್ಚಾದ ಪ್ರತಿ ಸುತ್ತಿನ ನಿದ್ದೆಗೆ ಶೇ. 43ರಷ್ಟು ಏರುತ್ತಿತ್ತು.

ಅಂದರೆ, ಮಗು ಬೆಳೆಯುವ ದಿನಗಳಲ್ಲಿ ನಿದ್ದೆ ಕೆಡುತ್ತದೆ ಎಂದು ನಾವು ಸಲೀಸಾಗಿ ಹೇಳುವ ಮಾತಿನಲ್ಲಿ ಅರ್ಧ ಸತ್ಯ ಮಾತ್ರ ಇದೆ. ಅಳೆದು ತಿಳಿದದ್ದು ನಿದ್ದೆ ಹೆಚ್ಚುವುದನ್ನು. ರಾತ್ರಿ ಪದೇ ಪದೇ ಏಳುವುದಕ್ಕೆ ಹಸಿವು ಕಾರಣವಾಗಿರಬಹುದು, ಆ ವಯಸ್ಸಿನ ಸಂಜೆಯ ರಚ್ಚೆಯೂ ಆಗಿರಬಹುದು. ಮೂರನೆಯ ವಾರ, ಆರನೆಯ ವಾರ, ಮೂರನೆಯ ತಿಂಗಳು ಎಂದು ಪಂಚಾಂಗದಂತೆ ಹಂಚಿಕೊಳ್ಳುವ ಪಟ್ಟಿಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. ವಿರಾಮ ಎರಡು ದಿನವೂ ಆಗಬಹುದು, ಎರಡು ತಿಂಗಳೂ ಆಗಬಹುದು ಎಂದಮೇಲೆ ಎಲ್ಲ ಮಕ್ಕಳಿಗೂ ಒಂದೇ ತಿಥಿ ಹೇಗೆ ಸಾಧ್ಯ? ನನ್ನ ನೋಟ್‌ಬುಕ್ಕೂ ಏನನ್ನೂ ಸಾಬೀತುಪಡಿಸುವುದಿಲ್ಲ. ಶಿಶುವನ್ನು ಅಳೆಯುವ ಹಲಗೆಯ ಮೇಲೆ ಒಬ್ಬರು ತಲೆಯನ್ನು ಒತ್ತಿ ಹಿಡಿದು, ಇನ್ನೊಬ್ಬರು ಮಂಡಿ ನೇರ ಮಾಡಿ ಅಂಗಾಲಿಗೆ ಪಟ್ಟಿ ತಾಗಿಸಬೇಕು. ಮಗು ಒಮ್ಮೆ ಕಾಲು ಮಡಚಿದರೆ ಒಂದು ಸೆಂಟಿಮೀಟರು ಅತ್ತಿತ್ತ. ನನ್ನ ಬಳಿಯಿದ್ದ ಪುರಾವೆಯೆಂದರೆ, ಹಿಂದಿನ ವಾರ ಹಿಮ್ಮಡಿಯ ಬಳಿ ಸಡಿಲವಾಗಿ ಜೋಲುತ್ತಿದ್ದ ಕಾಲುಚೀಲ ಈಗ ಬೆರಳ ತುದಿಗೆ ಬಿಗಿದು ನಿಂತದ್ದು, ಅಷ್ಟೇ.

"ಮಕ್ಕಳು ನಿದ್ದೆಯಲ್ಲೇ ಬೆಳೆಯೋದು" ಎನ್ನುವ ಅಮ್ಮನ ಮಾತಿಗೂ ಒಂದು ತಿದ್ದುಪಡಿ ಬೇಕು. ದೊಡ್ಡ ಮಕ್ಕಳಲ್ಲಿ ಬೆಳವಣಿಗೆಯ ಹಾರ್ಮೋನು ಗಾಢ ನಿದ್ದೆಯ ಮೊದಲ ಸುತ್ತಿನಲ್ಲಿ ಹೆಚ್ಚಾಗಿ ಸುರಿಯುತ್ತದೆಯಾದರೂ, ಹುಟ್ಟಿದ ಮೊದಲ ಕೆಲವು ತಿಂಗಳು ನಿದ್ದೆಗೂ ಆ ಹಾರ್ಮೋನಿಗೂ ಅಂಥ ಹೊಂದಾಣಿಕೆ ಇನ್ನೂ ಕುದುರಿರುವುದಿಲ್ಲ.

ನನಗೆ ಮುಖ್ಯವೆನಿಸುವುದು ಡಬ್ಬಿ ಹಾಲಿನ ತೀರ್ಪು. ಎದೆಹಾಲು ಮಗು ಎಳೆದಷ್ಟೂ ಊರುವಂಥದ್ದು. ಎದೆ ಖಾಲಿಯಾದಷ್ಟೂ ಹೊಸ ಹಾಲು ಬೇಗ ತಯಾರಾಗುತ್ತದೆ, ಉಳಿದರೆ ನಿಧಾನವಾಗುತ್ತದೆ. ಹೀಗಿರುವಾಗ, ಮಗು ಬಿಡದೆ ಕುಡಿಯುವ ಆ ಎರಡು ಮೂರು ದಿನಗಳಲ್ಲೇ ಬಾಟಲಿ ಹಿಡಿಸಿದರೆ, ಹೆಚ್ಚು ಹಾಲು ಬೇಕೆಂದು ಮಗು ಹೇಳುತ್ತಿರುವುದು ತಾಯಿಯ ದೇಹಕ್ಕೆ ತಲುಪುವುದೇ ಇಲ್ಲ. ವಾರದೊಳಗೆ ಹಾಲು ನಿಜವಾಗಿಯೂ ಕಡಿಮೆಯಾಗಿ, ಸುಳ್ಳು ತೀರ್ಪು ಸತ್ಯವಾಗಿಬಿಡುತ್ತದೆ. ಹಾಲು ಸಾಲುತ್ತಿದೆಯೇ ಎಂದು ಹೇಳಬೇಕಾದದ್ದು ಅಳುವಲ್ಲ, ದಿನಕ್ಕೆ ಆರಕ್ಕೆ ಕಡಿಮೆಯಾಗದ ಒದ್ದೆ ಬಟ್ಟೆಗಳು ಮತ್ತು ತಾಯಿ ಕಾರ್ಡಿನಲ್ಲಿ ಏರುವ ತೂಕದ ಗೆರೆ. ತೂಕವೇ ಏರದಿದ್ದರೆ ಮಾತು ಬೇರೆ, ವೈದ್ಯರು ಹೇಳಿದಂತೆ ನಡೆಯಬೇಕು. ಹಾಗೆಯೇ ಹೆಚ್ಚು ಮಲಗುವುದೆಲ್ಲ ಬೆಳವಣಿಗೆಯಲ್ಲ; ಎಬ್ಬಿಸಿದರೂ ಹಾಲು ಕುಡಿಯದೆ ಜೋಲುವ, ಇಲ್ಲವೇ ಮೈ ಬಿಸಿಯಾಗಿರುವ ಎಳೆಗೂಸನ್ನು ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಒಯ್ಯಬೇಕು.

ನಾಲ್ಕನೆಯ ತಿಂಗಳ ಆಸುಪಾಸಿನಲ್ಲಿ ನಿದ್ದೆ ಮತ್ತೊಮ್ಮೆ ಕೆಟ್ಟಿತು. ಅದು ನಿದ್ದೆಯ ಹಂತಗಳೇ ದೊಡ್ಡವರಂತೆ ಬೇರ್ಪಡುವ ಕಾಲ. ಒಂದೂವರೆ ವರ್ಷಕ್ಕೆ ಮಗಳು ನಡುರಾತ್ರಿ ಎದ್ದು ಕೂರತೊಡಗಿದಾಗಲೂ ಮನೆಯಲ್ಲಿ "ಬೆಳೀತಿದಾಳೆ" ಎಂದೇ ಸಮಾಧಾನ ಹೇಳಿದರು. ಆದರೆ ಮೊದಲ ವರ್ಷ ಸುಮಾರು 25 ಸೆಂಟಿಮೀಟರು ಬೆಳೆಯುವ ಮಗು ಎರಡನೆಯ ವರ್ಷ ಬೆಳೆಯುವುದು ಅದರ ಅರ್ಧದಷ್ಟು ಮಾತ್ರ. ಆ ವಯಸ್ಸಿನಲ್ಲಿ ಅಮ್ಮ ಕಾಣದಾದರೆ ಎಂಬ ಅಂಜಿಕೆ, ದವಡೆಹಲ್ಲು, ಹೊಸದಾಗಿ ಕಲಿತ ಓಟ ಮತ್ತು ಮಾತು ನಿದ್ದೆಯನ್ನು ಕಲಕುತ್ತವೆ. ನಮ್ಮ ಮಗಳು ನಿದ್ದೆಗಣ್ಣಿನಲ್ಲಿ "ಬೌಬೌ" ಎಂದು ಬೀದಿ ನಾಯಿಯನ್ನು ಕರೆಯುತ್ತಿದ್ದಳು. ಕಬ್ಬಿಣದ ಅಂಶ ಕಡಿಮೆಯಾದ ಮಕ್ಕಳೂ ರಾತ್ರಿಯಿಡೀ ಕಾಲು ಒದರುತ್ತ ಹೊರಳಾಡುವುದುಂಟು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಮೂವರಲ್ಲಿ ಇಬ್ಬರಿಗೆ ರಕ್ತಹೀನತೆ ಇರುವಾಗ, ತಿಂಗಳುಗಟ್ಟಲೆ ನಿದ್ದೆ ಕೆಡುತ್ತಿದ್ದರೆ ಬೆಳವಣಿಗೆಯೆಂದು ಸುಮ್ಮನಿರದೆ ವೈದ್ಯರನ್ನು ಒಮ್ಮೆ ಕೇಳುವುದು ಒಳ್ಳೆಯದು.

ಹೋದ ತಿಂಗಳು ರಾತ್ರಿ ಹನ್ನೊಂದೂವರೆಗೆ ತಂಗಿ ಫೋನು ಮಾಡಿದಳು. ಅವಳ ಮಗನಿಗೆ ಇಪ್ಪತ್ತನಾಲ್ಕು ದಿನ. "ಅಕ್ಕಾ, ಸಂಜೆಯಿಂದ ಎದೆ ಬಿಡ್ತಾನೇ ಇಲ್ಲ, ಇವರು ಅಂಗಡಿಗೆ ಹೊರಟಿದಾರೆ" ಎಂದು ಅಳುತ್ತಿದ್ದಳು. ಇವತ್ತು ಎಷ್ಟು ಬಟ್ಟೆ ಒದ್ದೆಯಾದವು ಎಂದು ಕೇಳಿದೆ. ಫೋನನ್ನು ಹಾಸಿಗೆಯ ಮೇಲಿಟ್ಟು ಬಚ್ಚಲ ಬಕೆಟ್ಟಿನಲ್ಲಿ ಎಣಿಸಿ ಬಂದವಳು "ಹತ್ತು" ಎಂದಳು. ನಿನ್ನ ಗಂಡನಿಗೆ ಚಪ್ಪಲಿ ಬಿಡಲು ಹೇಳು ಎಂದೆ.